ಬಸಳೆಯ ಯಜಮಾನರು

ಕಾಟಿಯೆಂದರೆ ಕಾಡುಕೋಣ, ಪಳ್ಳವೆಂದರೆ ನೀರು ನಿಲ್ಲುವ ಹೊಂಡ. ನಮ್ಮ ಕಾಟಿಪಳ್ಳದಲ್ಲಿ ಕಾಟಿಯನ್ನು ಕಂಡವರು ಈಗ ಯಾರೂ ಉಳಿದಿಲ್ಲವಾದರೂ, ಪಳ್ಳವನ್ನು ಕಾಣಬೇಕೆಂಬ ಅಪೇಕ್ಷೆಯುಳ್ಳವರು ಆಟಿ ತಿಂಗಳಲ್ಲಿ ನಮ್ಮ ಯಜಮಾನರ ಹಿತ್ತಿಲಿಗೆ ಬಂದರೆ ಸಾಕು. ಬದನೆಯ ಪಾತಿಗಳೆಲ್ಲ ಕೆಂಪು ನೀರಿನಲ್ಲಿ ಮುಳುಗಿ, ಗಿಡಗಳು ತೀರ್ಥಸ್ನಾನಕ್ಕೆ ಇಳಿದ ಮುದುಕರಂತೆ ಕುತ್ತಿಗೆಯನ್ನಷ್ಟೇ ಮೇಲೆತ್ತಿ ನಡುಗುತ್ತಿರಲು, ಒಂದು ಕೈಯಲ್ಲಿ ಕೊಡೆಯನ್ನೂ ಇನ್ನೊಂದರಲ್ಲಿ ಹಾರೆಯನ್ನೂ ಧರಿಸಿದ ಯಜಮಾನರು ಪಾಗಾರದ ಬುಡದಲ್ಲಿ ತೋಡು ಬಿಡಿಸುತ್ತ, "ನೀರು ಇಳಿದರೆ ಎಂತ ತೊಂದರೆಯೂ ಇಲ್ಲ ಮಾರಾಯ್ರೆ" ಎಂದು ನಮಗೆ ಧೈರ್ಯ ಹೇಳುವರು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರ ಬಹುಪಾಲನ್ನು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದು ಮುಗಿಸುವ ಈ ಕರಾವಳಿಯಲ್ಲಿ, ‘ಇಳಿದರೆ’ ಎಂಬ ಆ ಒಂದು ಶಬ್ದದ ಭಾರವನ್ನು ಬಲ್ಲವರೇ ಬಲ್ಲರು.

ಯಜಮಾನರ ಹೆಸರನ್ನು ಹೇಳುವ ಅಗತ್ಯವಿಲ್ಲ. ನಮ್ಮಲ್ಲಿ ವಿಳಾಸಗಳೇ ಒಂದನೆಯ ಬ್ಲಾಕು, ಮೂರನೆಯ ಬ್ಲಾಕು ಎಂದು ಅಂಕಿಗಳಲ್ಲಿ ನಡೆಯುವುದರಿಂದಲೂ, ಪ್ರತಿಯೊಂದು ಬ್ಲಾಕಿನಲ್ಲಿ ಇಂಥವರೊಬ್ಬರು ತಪ್ಪದೆ ಇರುವುದರಿಂದಲೂ, ಓದುಗರು ತಮಗೆ ಪರಿಚಿತನಾದ ವ್ಯಕ್ತಿಯ ಹೆಸರನ್ನು ಇಲ್ಲಿ ತುಂಬಿಕೊಳ್ಳಬಹುದು. ಊರವರು ಎದುರಿನಲ್ಲಿ ‘ಸಾರ್’ ಎಂದೂ, ಬೆನ್ನಿನ ಹಿಂದೆ ‘ಬಸಳೆ ಮಾವ’ ಎಂದೂ ಕರೆಯುವರು. ನೆರೆಮನೆಯವನಾಗಿ, ಆ ಹಿತ್ತಿಲಿನ ಬಸಳೆಯ ಋಣದಲ್ಲಿ ಆಪಾದಮಸ್ತಕ ಮುಳುಗಿದವನಾಗಿ, ನಾನು ಯಜಮಾನರೆಂದೇ ಕರೆಯುತ್ತೇನೆ.

ಅವರ ಈ ವ್ಯಸನಕ್ಕೆ ಒಂದು ಪೂರ್ವಕಥೆ ಉಂಟು. ಅರುವತ್ತರ ದಶಕದಲ್ಲಿ ಮಂಗಳೂರಿನ ಹೊಸ ಬಂದರಿಗಾಗಿ ಪಣಂಬೂರು ಸೀಮೆಯ ಕುಟುಂಬಗಳು ಮನೆಮಠಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡೆಯನ್ನು ಏರಿದಾಗ, ಬಾಲಕರಾಗಿದ್ದ ಯಜಮಾನರೂ ತಂದೆಯ ಹಿಂದೆ ಒಂದು ಒನಕೆಯನ್ನು ಹೊತ್ತು ಬಂದರಂತೆ. ಬಿಟ್ಟುಬಂದ ಸ್ಥಳ ಕಡಲಕರೆಯ ಹೊಯಿಗೆ. ಬೆರಳಿನಿಂದ ಗೀರಿದರೆ ಸಾಲಾಗುವಷ್ಟು ಸಡಿಲವಾದ ನೆಲ. ಅದರಲ್ಲಿ ಗೆಣಸು ಬಳ್ಳಿಯನ್ನು ಎಸೆದರೂ ಗಡ್ಡೆ ಬಿಡುತ್ತಿತ್ತು ಎಂಬುದು ಅವರ ಬಾಲ್ಯದ ಪುರಾಣ. ಬಂದು ಸೇರಿದ ಸ್ಥಳವಾದರೋ ಮುರಕಲ್ಲು. 1800ರ ಸುಮಾರಿಗೆ ನಮ್ಮ ಸೀಮೆಯಲ್ಲಿಯೂ ಸಂಚರಿಸಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯನು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ಆ ಹೆಸರಿನ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಇಟ್ಟಿಗೆಯೆಂದೇ ಅರ್ಥ. ಅಂದಮೇಲೆ ನಮ್ಮ ಯಜಮಾನರು ಬೆಂಡೆಯ ಬೀಜವನ್ನು ಬಿತ್ತಲು ಹೊರಟದ್ದು ಶಾಸ್ತ್ರೋಕ್ತವಾಗಿ ಒಂದು ಇಟ್ಟಿಗೆಯ ಮೇಲೆ.

ಬಂದರಿನ ಕಚೇರಿಯಲ್ಲಿಯೇ ಲೆಕ್ಕಪತ್ರದ ಗುಮಾಸ್ತರಾಗಿ ಸೇರಿ, ಯಾವ ಹಡಗಿನ ನೋಟದಿಂದಲೂ ಚಿತ್ತಚಾಂಚಲ್ಯಕ್ಕೆ ಒಳಗಾಗದೆ, ಆವಕ ಜಾವಕಗಳನ್ನು ಬರೆದು ನಿವೃತ್ತರಾದ ಮರುದಿನವೇ ಅವರು ಪಿಕ್ಕಾಸು ಹಿಡಿದರು. ಮೂರನೆಯ ದಿನ ಪಿಕ್ಕಾಸಿನ ಕಾವು ಮುರಿಯಿತು. ನಾಲ್ಕನೆಯ ದಿನದಿಂದ ಮಣ್ಣು ಬರತೊಡಗಿತು. ಸುರತ್ಕಲ್ಲಿನ ಕಡೆಯಿಂದ ಹೊಯಿಗೆ, ಫಲ್ಗುಣಿಯ ದಡದಿಂದ ಮೆಕ್ಕಲು, ಬಜಪೆಯ ಆಚೆಯ ಯಾರದೋ ಹಟ್ಟಿಯಿಂದ ಗೊಬ್ಬರ, ಇನ್ನೆಲ್ಲಿಂದಲೋ ಕೆಂಪುಮಣ್ಣು. ಹೀಗೆ ಟೆಂಪೋ ಮೇಲೆ ಟೆಂಪೋ ಬಂದು, ಐದಾರು ಗ್ರಾಮಗಳ ಮಣ್ಣು ಅಲ್ಲಿ ಸಮಾವೇಶಗೊಂಡು, ಕೊನೆಗೆ ಆ ಹಿತ್ತಿಲಿನಲ್ಲಿ ಕಾಟಿಪಳ್ಳದ ಮಣ್ಣೊಂದೇ ಇಲ್ಲವೆಂಬಂತಾಯಿತು. ಈ ವೆಚ್ಚವೆಲ್ಲವನ್ನೂ ಅವರು ಒಂದು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಾರೆ. ಒಂದು ದಿನ ಅದನ್ನು ಕದ್ದು ನೋಡಿದ ನಾನು, ಹಟ್ಟಿಗೊಬ್ಬರದ ಎರಡು ಲೋಡುಗಳು ‘ವೈದ್ಯಕೀಯ’ ಎಂಬ ಶೀರ್ಷಿಕೆಯ ಕೆಳಗೆ ದಾಖಲಾದುದನ್ನು ಕಂಡು ಬೆರಗಾದೆ. ಸಕ್ಕರೆ ಕಾಯಿಲೆಗೆ ಮೈಬಗ್ಗಿಸಿ ದುಡಿಯಬೇಕೆಂದು ಡಾಕ್ಟರರು ಹೇಳಿದ್ದರಂತೆ. ದುಡಿಮೆಗೆ ಗೊಬ್ಬರ ಬೇಕು. ಆದುದರಿಂದ ಗೊಬ್ಬರವು ಔಷಧ. ಬಂದರಿನ ಲೆಕ್ಕಗಳು ಮೂವತ್ತೆಂಟು ವರ್ಷ ಆಕ್ಷೇಪಣೆಯಿಲ್ಲದೆ ಹೇಗೆ ಸಾಗಿದವೆಂಬುದು ನನಗೆ ಅಂದು ಹೊಳೆಯಿತು.

ಇಂಥವರ ತರಕಾರಿ ತೋಟವೆಂಬುದು ಅವರೊಬ್ಬರ ತೋಟವಾಗಿ ಉಳಿಯುವುದಿಲ್ಲ. ಕುಟುಂಬದ ಸರ್ವ ಸದಸ್ಯರಿಗೂ ಅಲ್ಲಿ ಬಿಟ್ಟಿ ಚಾಕರಿ ಕಾದಿರುತ್ತದೆ. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲುವ ಸ್ವಾತಂತ್ರ್ಯ ಮನೆಯಾಕೆಗೆ ಎಂದೋ ತಪ್ಪಿತು. ಬೂದಿ ದೊರೆಯಬೇಕೆಂಬ ಒಂದೇ ಕಾರಣಕ್ಕಾಗಿ, ಮಗ ಗಲ್ಫಿನಿಂದ ಬಂದವನು ಹಾಕಿಸಿಕೊಟ್ಟ ಗೀಸರನ್ನು ಆರಿಸಿ, ಬಚ್ಚಲ ಒಲೆಗೆ ತೆಂಗಿನ ಮಡಲು ತುರುಕುವ ಹಳೆಯ ಪದ್ಧತಿಗೆ ಎಲ್ಲರೂ ಮರಳಬೇಕಾಯಿತು. "ಇವರಿಗೆ ಬೂದಿ ಬೇಕು ಅಂತ ನಾವು ಹೊಗೆ ಕುಡಿಯಬೇಕು ಅಣ್ಣ" ಎಂದು ಆ ತಾಯಿ ನನ್ನೆದುರು ಕಣ್ಣೊರೆಸಿಕೊಂಡದ್ದು ದುಃಖದಿಂದಲೋ ಹೊಗೆಯಿಂದಲೋ ನಾನು ನಿರ್ಣಯಿಸಲಾರೆ. ಮೊಮ್ಮಗನಿಗೆ ಬಸವನಹುಳುಗಳನ್ನು ಹಿಡಿಯುವ ಗುತ್ತಿಗೆ. ರಾತ್ರಿ ಟಾರ್ಚು ಹಿಡಿದು ಹೆಕ್ಕಿ, ಉಪ್ಪುನೀರಿನ ಬಕೆಟಿಗೆ ಹಾಕಿದರೆ ಹುಳಕ್ಕೆ ಒಂದು ರೂಪಾಯಿ. ಮೊದಲ ವಾರ ನಲವತ್ತು, ಎರಡನೆಯ ವಾರ ನೂರು, ಮೂರನೆಯ ವಾರ ಅದಕ್ಕೂ ಮಿಕ್ಕಿ ಹುಳಗಳು ಬಕೆಟಿಗೆ ಬೀಳಲು, ಯಜಮಾನರು ಆ ಪ್ರಾಣಿಯ ಸಂತಾನಶಕ್ತಿಯನ್ನು ಕುರಿತು ನನ್ನಲ್ಲಿ ಆತಂಕದಿಂದ ಮಾತನಾಡುತ್ತಿದ್ದರು. ಹುಡುಗನು ನಮ್ಮ ಮನೆಯ ಪಾಗಾರದಿಂದ ಹುಳ ಹೆಕ್ಕುತ್ತಿದ್ದುದು ನನಗೆ ತಿಳಿದಿತ್ತು. ನಾನು ಹೇಳಲಿಲ್ಲ, ನಮ್ಮ ಪಾಗಾರ ಅಷ್ಟು ಶುಚಿಯಾಗಿ ಹಿಂದೆಂದೂ ಇರಲಿಲ್ಲ.

ಯಜಮಾನರ ಪರಾಜಯಗಳ ಪಟ್ಟಿ ದೀರ್ಘವಾದುದು. ಒಂದು ಡಿಸೆಂಬರಿನಲ್ಲಿ ಎಲೆಕೋಸನ್ನು ನೆಟ್ಟರು. ಎಲೆ ಬಂತು, ಕೋಸು ಬರಲಿಲ್ಲ. ಘಟ್ಟದ ಮೇಲಿನ ತರಕಾರಿಗೆ ಘಟ್ಟದ ಚಳಿಯೇ ಬೇಕೆಂಬುದನ್ನು ಒಪ್ಪಿಕೊಳ್ಳಲು ಅವರಿಗೆ ಮೂರು ಡಿಸೆಂಬರುಗಳು ಹಿಡಿದವು. ಆಮೇಲೆ ಮಟ್ಟುಗುಳ್ಳದ ಪ್ರಕರಣ. ಉಡುಪಿಯ ಬಳಿ, ಕಟಪಾಡಿಯ ಪಡುವಣದಲ್ಲಿ, ಹೊಳೆಗೂ ಕಡಲಿಗೂ ನಡುವಿನ ಮಟ್ಟು ಎಂಬ ಗ್ರಾಮದಲ್ಲಿ ಬೆಳೆಯುವ, ವಾದಿರಾಜ ಯತಿಗಳು ಬೀಜ ಕೊಟ್ಟರೆಂಬ ಐತಿಹ್ಯವುಳ್ಳ, 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯನ್ನೂ ಪಡೆದ ಆ ತಿಳಿಹಸುರು ಗುಂಡುಬದನೆಯ ಬೀಜವನ್ನು ಅವರು ಹೇಗೋ ಸಂಪಾದಿಸಿ, ಕರವಸ್ತ್ರದ ಮೂಲೆಯಲ್ಲಿ ಗಂಟುಹಾಕಿ ತಂದರು. ಗಿಡ ಬಂತು, ಮುಳ್ಳು ಬಂತು, ಕಾಯಿಯೂ ಬಂತು. ಹುಳಿ ಮಾಡಿ ಬಡಿಸಿದಾಗ ಮಾತ್ರ ಯಾರೂ ಎರಡನೆಯ ಸಲ ಕೇಳಲಿಲ್ಲ. ಕಟಪಾಡಿಗೂ ಕಾಟಿಪಳ್ಳಕ್ಕೂ ಅಕ್ಷರಗಳಲ್ಲಿರುವ ಸಾಮೀಪ್ಯವನ್ನು ಆ ಬದನೆಯು ಗಣನೆಗೆ ತೆಗೆದುಕೊಳ್ಳಲಿಲ್ಲವೆಂದು ತೋರುತ್ತದೆ.

ಹಾಗಲದ ವಿಷಯ ಇನ್ನೂ ಕರುಣಾಜನಕ. ಹಣ್ಣುನೊಣವು ಎಳೆಯ ಕಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುವುದನ್ನು ತಪ್ಪಿಸಲೆಂದು, ನಮ್ಮ ಹಿರಿಯರು ಮಾಡುತ್ತಿದ್ದಂತೆ, ಒಂದೊಂದು ಮಿಡಿಗೂ ವೃತ್ತಪತ್ರಿಕೆಯ ಅಂಗಿಯನ್ನು ತೊಡಿಸಿ ಬಾಳೆನಾರಿನಿಂದ ಕಟ್ಟುವರು. ಪಡುವಲದ ತುದಿಗೆ, ಅದು ಕೊಕ್ಕೆಯಾಗದೆ ನೆಟ್ಟಗೆ ಇಳಿಯಲೆಂದು, ಒಂದು ಕಲ್ಲನ್ನು ತೂಗಹಾಕುವರು. ಇವೆಲ್ಲವೂ ಸರಿಯೇ. ಆದರೆ ಕಾಗದ ಕಟ್ಟುವ ಮುನ್ನ ಅದರಲ್ಲಿನ ಸಂಪಾದಕೀಯವನ್ನು ಓದುವ ಅಭ್ಯಾಸವುಳ್ಳ ಯಜಮಾನರು, ಒಮ್ಮೆ ಕಟ್ಟಿದ ಮೇಲೆ ಒಳಗಿನ ಕಾಯಿಯನ್ನು ಮರೆತುಬಿಡುವರು. ಹದಿನೈದು ದಿನಗಳ ಬಳಿಕ ಪತ್ರಿಕೆ ತಾನಾಗಿ ಹರಿದು, ಕಿತ್ತಳೆಯ ಬಣ್ಣಕ್ಕೆ ತಿರುಗಿದ ಹಾಗಲಹಣ್ಣು ಬಾಯಿಬಿಟ್ಟು, ಕೆಂಪು ಬೀಜಗಳನ್ನು ತೋರಿಸುತ್ತ ಬಳ್ಳಿಯಲ್ಲಿ ನಗುತ್ತಿರುವುದು. "ಬೀಜಕ್ಕೆ ಬಿಟ್ಟದ್ದು" ಎಂದು ಅವರು ಗಂಭೀರವಾಗಿ ನುಡಿಯುವರು. ಆ ಹಿತ್ತಿಲಿನಲ್ಲಿ ಬೀಜಕ್ಕೆ ಬಿಟ್ಟದ್ದರ ಪ್ರಮಾಣವನ್ನು ನೋಡಿದರೆ ದಕ್ಷಿಣ ಕನ್ನಡ ಜಿಲ್ಲೆಗೆಲ್ಲ ಅಲ್ಲಿಂದಲೇ ಬೀಜ ಸರಬರಾಜು ಆಗಬೇಕಿತ್ತು.

ಇಷ್ಟೆಲ್ಲ ಸೋಲುಗಳ ನಡುವೆ ಸೋಲರಿಯದ ಸಸ್ಯವೊಂದು ಉಂಟು, ಅದೇ ಬಸಳೆ. ಬಾವಿಕಟ್ಟೆಯ ಬಳಿ, ಪಾತ್ರೆ ತೊಳೆದ ನೀರು ಹೋಗುವಲ್ಲಿ, ಅಡಕೆಮರದ ಸಲಾಕೆಗಳ ಚಪ್ಪರದ ಮೇಲೆ ಅದು ಹಬ್ಬಿದ ಬಗೆಯನ್ನು ಕಂಡವರಿಗೆ ಸೃಷ್ಟಿಯು ಇತರ ತರಕಾರಿಗಳಲ್ಲಿ ತೋರಿದ ಕಾರ್ಪಣ್ಯವನ್ನೆಲ್ಲ ಇಲ್ಲಿ ಬಡ್ಡಿ ಸಹಿತ ತೀರಿಸಿದಂತೆ ಕಾಣುವುದು. ಕೊಯ್ದಷ್ಟೂ ಕವಲೊಡೆಯುವ ಆ ಬಳ್ಳಿಗೆ ಮನೆಯ ನಾಲ್ಕು ಬಾಯಿಗಳು ಎಲ್ಲಿ ಸಾಲಬೇಕು? ಸೋಮವಾರ ಬಸಳೆಯ ಹುಳಿ, ಬುಧವಾರ ಹಲಸಿನ ಬೀಜ ಹಾಕಿದ ಕೊದ್ದೆಲು, ಶುಕ್ರವಾರ ಮೊಮ್ಮಗನ ಸತ್ಯಾಗ್ರಹ. ಆದುದರಿಂದ ಯಜಮಾನರು ದಾನಶೂರರಾದರು. ಪೋಸ್ಟಿನವನಿಗೆ ಒಂದು ಕಟ್ಟು, ಕರೆಂಟು ಮೀಟರು ನೋಡಲು ಬಂದವನಿಗೆ ಒಂದು ಕಟ್ಟು, ಚಂದಾ ಕೇಳಲು ಬಂದ ಯುವಕ ಮಂಡಲದವರಿಗೆ ರಸೀದಿಯ ಬದಲು ತಲೆಗೆ ಒಂದೊಂದು ಕಟ್ಟು. ಬೆಳಗಿನ ವಾಯುಸೇವನೆಗೆ ಹೊರಡುವ ನಮ್ಮ ಬ್ಲಾಕಿನ ಗಣ್ಯರು ಅವರ ಗೇಟಿನ ಮುಂದೆ ಮಾತ್ರ ಓಡುತ್ತಾರೆ; ಅದನ್ನು ಕಂಡ ಹೊಸಬರು ವ್ಯಾಯಾಮವೆಂದು ಭ್ರಮಿಸುವರು.

ಆದರೆ ಸೋಣ ತಿಂಗಳು ಬಂದಿತೆಂದರೆ ಚಿತ್ರವೇ ಬದಲಾಗುವುದು. ಒಂದು ಕಡೆ ಚೌತಿ, ಇನ್ನೊಂದು ಕಡೆ ಸೆಪ್ಟೆಂಬರು 8ರಂದು ಕ್ರೈಸ್ತ ಬಾಂಧವರ ಮೊಂತಿ ಫೆಸ್ತ್. ಎರಡಕ್ಕೂ ‘ಊರಿನ ತರಕಾರಿ’ಯೇ ಆಗಬೇಕು. ಘಟ್ಟದಿಂದ ಲಾರಿಯಲ್ಲಿ ಬಂದ ಬೆಂಡೆಗೆ ಒಂದು ಬೆಲೆಯಾದರೆ, ಊರಿನ ಬಿಳಿಬೆಂಡೆಗೆ ಆ ವಾರದಲ್ಲಿ ಚಿನಿವಾರನ ಗತ್ತಿನ ಬೆಲೆ. ಓಡುತ್ತಿದ್ದ ಗಣ್ಯರೇ ಆಗ ಗೇಟಿನ ಬಳಿ ನಿಂತು ಯಜಮಾನರ ಆರೋಗ್ಯವನ್ನು ವಿಚಾರಿಸತೊಡಗುವರು.

ಕಳೆದ ಮೊಂತಿ ಹಬ್ಬದ ಹಿಂದಿನ ಸಂಜೆ ನಾನು ಯಜಮಾನರ ಜಗಲಿಯಲ್ಲಿ ಚಹಾ ಕುಡಿಯುತ್ತಿರುವಾಗ, ನಾವೆಲ್ಲ ‘ಬಾಯಿ’ ಎಂದು ಕರೆಯುವ ಎದುರುಮನೆಯ ಕ್ರೈಸ್ತ ಗೃಹಿಣಿ ಬಂದರು. "ಸಾರ್, ನಾಳೆ ಹಬ್ಬ ಅಲ್ವಾ. ಆರು ತರಕಾರಿ ಆಗಿದೆ, ಏಳಾಗಬೇಕು. ಸ್ವಲ್ಪ ಅಲಸಂಡೆ ಉಂಟಾ?" ಆ ದಿನದ ಊಟ ನಿರಾಮಿಷ, ಬಗೆಗಳು ಬೆಸಸಂಖ್ಯೆಯಲ್ಲಿಯೇ ಇರಬೇಕೆಂಬುದು ಅವರ ಸಂಪ್ರದಾಯ. ಯಜಮಾನರ ಮುಖದಲ್ಲಿ ಮೂಡಿದ ತೇಜಸ್ಸನ್ನು ನಾನು ವರ್ಣಿಸಲಾರೆ. ಅಲಸಂಡೆಯನ್ನು ಕೊಯ್ದು ತಂದರು; ಕೈ ಹಿಂಜರಿಯದೆ, "ಇದೂ ಇರಲಿ ಬಾಯಿ, ಎಳತ್ತು" ಎಂದು ಎರಡು ಹೀರೆಕಾಯಿಗಳನ್ನೂ ಮೇಲಿಟ್ಟರು. ಹತ್ತು ನಿಮಿಷದಲ್ಲಿ ಬಾಯಿ ಹಿಂತಿರುಗಿದರು. "ಸಾರ್, ಇದು ಎಂಟಾಯ್ತು. ಎಂಟು ಆಗ್ಲಿಕ್ಕಿಲ್ಲ. ಹೀರೆಕಾಯಿ ನೀವೇ ಇಟ್ಕೊಳ್ಳಿ." ಕೊಟ್ಟ ತರಕಾರಿಯನ್ನು ಹಿಂದಕ್ಕೆ ಪಡೆಯುವುದಕ್ಕಿಂತ ಮರಣವೇ ಲೇಸೆಂದು ಭಾವಿಸುವ ಯಜಮಾನರು ಒಂದು ಕ್ಷಣ ಸ್ತಬ್ಧರಾಗಿ, ಮರುಕ್ಷಣವೇ ಲೆಕ್ಕಿಗನ ಪ್ರತಿಭೆಯಿಂದ ಎದ್ದು ಹೋಗಿ, ಕೆಂಪು ಹರಿವೆಯ ದಂಟುಗಳನ್ನು ಬುಡಸಹಿತ ಕಿತ್ತು ತಂದು ಅವರ ಕೈಗಿತ್ತು, "ಈಗ ಒಂಬತ್ತು" ಎಂದರು. ಬಾಯಿ ಏನು ಹೇಳಬಲ್ಲರು? ನಿಟ್ಟುಸಿರಿಟ್ಟು ಮೆಟ್ಟಿಲಿಳಿದರು. ಅಷ್ಟರಲ್ಲಿ ಈ ವ್ಯವಹಾರದ ಗಣಿತವೊಂದನ್ನೂ ಅರಿಯದ ಮನೆಯಾಕೆ ಹಿತ್ತಿಲಿನ ಕಡೆಯಿಂದ ಬಂದವರು, ಹಬ್ಬದ ದಿನ ನೆರೆಯವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಸದ್ಭಾವನೆಯಿಂದ, ಗೇಟಿನ ಬಳಿ ಅವರನ್ನು ತಡೆದು ಬಸಳೆಯ ಒಂದು ದಪ್ಪ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಯೇ ಬಿಟ್ಟರು.

ಜಗಲಿಯ ಮೇಲೆ ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಬಾಯಿ ರಸ್ತೆಯ ನಡುವೆ ನಿಂತರು, ಕೈಯಲ್ಲಿದ್ದುದನ್ನು ನೋಡಿದರು, ತುಟಿಗಳು ಚಲಿಸಿದುದರಿಂದ ಎಣಿಸುತ್ತಿದ್ದಾರೆಂದು ತಿಳಿಯಿತು, ಒಮ್ಮೆ ತಿರುಗಿ ನಮ್ಮನ್ನೂ ನೋಡಿದರು. ಮತ್ತೆ ಬರಲಿಲ್ಲ. ಹಬ್ಬಕ್ಕೆ ಒಂಬತ್ತನ್ನು ಬಡಿಸಿ, ಹತ್ತನೆಯದಾದ ಬಸಳೆಯನ್ನು ಮರುದಿನ ಸಿಗಡಿಯೊಂದಿಗೆ ಬೇಯಿಸಿದರೆಂದು ಆ ಮೇಲೆ ವರ್ತಮಾನ ಬಂತು. ಹಬ್ಬದ ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೂ ಅವರ ಅಡುಗೆಮನೆಯಿಂದ ಹರಿವೆ ಹೆಚ್ಚುವ ಸದ್ದು ಕೇಳುತ್ತಿದ್ದುದಕ್ಕೆ ನಾನೇ ಸಾಕ್ಷಿ.

ಯಜಮಾನರು ಅಂದು ರಟ್ಟಿನ ಪುಸ್ತಕವನ್ನು ತೆರೆದು, ಜಾವಕದ ಕಡೆ ನಾಲ್ಕೂ ಬಾಬುಗಳನ್ನು ಬಿಡಿಬಿಡಿಯಾಗಿ ಬರೆದು, ಬೆಲೆಯ ಅಂಕಣದಲ್ಲಿ ಒಂದು ಅಡ್ಡಗೀಟು ಎಳೆದರು. ಆ ಅಂಕಣದಲ್ಲಿ ಆರಂಭದ ದಿನದಿಂದಲೂ ಅಡ್ಡಗೀಟುಗಳೇ ಇವೆ.

ಈ ವರ್ಷ ಸುಗ್ಗಿಯಲ್ಲಿ ಸೌತೆ ಚೆನ್ನಾಗಿ ಬಂದಿತ್ತು. ಬಾಳೆನಾರು ಸುತ್ತಿ ಅಟ್ಟದ ತೊಲೆಗೆ ತೂಗಹಾಕಿದ ಹಳದಿ ಪಟ್ಟೆಯ ಕಾಯಿಗಳು ಅವರ ಮನೆಯಲ್ಲಿ ತಲೆಗೆ ಬಡಿಯುವಷ್ಟು ಇವೆ. ನಮ್ಮ ಮನೆಯಲ್ಲಿ ಹನ್ನೆರಡು. ಬಸಳೆಯ ಚಪ್ಪರಕ್ಕೆ ಹೊಸ ಸಲಾಕೆ ಬಿದ್ದಿದೆ. ಸುರತ್ಕಲ್ಲಿನಿಂದ ಈ ಕಡೆ ಬಸ್ಸು ಹತ್ತುವ ಓದುಗ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟೇ: ಆಟಿಯಲ್ಲಿ ಬನ್ನಿ, ಗೇಟಿನ ಮುಂದೆ ದಯವಿಟ್ಟು ಓಡಬೇಡಿ, ಚೀಲ ತರುವ ಅಗತ್ಯವಿಲ್ಲ, ಅದನ್ನೂ ಅವರೇ ಕೊಡುತ್ತಾರೆ.