ಏಳು ನಿಮಿಷ ತಡವಾದ ಸಿಕ್ಸರ್

ಬಂಟ್ವಾಳದಿಂದ ಬೆಳ್ತಂಗಡಿಗೋ ಮೂಡಬಿದಿರೆಗೋ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಗುಡ್ಡ, ತೋಟ, ಗದ್ದೆ ನೋಡುತ್ತಾರೆ. ನಾನು ಮನೆಗಳ ಮಾಡು ನೋಡುತ್ತೇನೆ. ಹೆಂಚಿನ ಮೂಲೆಯಲ್ಲಿ ಇಲ್ಲವೇ ತಾರಸಿಯ ಕಟ್ಟೆಯಲ್ಲಿ ಒಂದು ಡಿಶ್ಶು ಇದ್ದೇ ಇರುತ್ತದೆ. ಅಣ್ಣನ ಮನೆಗೆ ಒಂದು ಕಂಪೆನಿಯದ್ದು, ಪಾಲಾಗಿ ಬೇರೆ ಮನೆ ಕಟ್ಟಿದ ತಮ್ಮನಿಗೆ ಹಟಕ್ಕೆಂದೇ ಇನ್ನೊಂದು ಕಂಪೆನಿಯದ್ದು. ಆದರೆ ಎಲ್ಲವುಗಳ ಮುಖ ಮಾತ್ರ ಆಗ್ನೇಯಕ್ಕೆ. ಈ ಕಂಪೆನಿಗಳ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ನಮಗೆ ಆ ದಿಕ್ಕಿನಲ್ಲೇ ಇವೆ. ವಾಸ್ತು ಪ್ರಕಾರ ಆಗ್ನೇಯ ಅಡಿಗೆಮನೆಯ ಮೂಲೆ. ಧಾರಾವಾಹಿಯ ಹೊತ್ತಿನಲ್ಲಿ ಸಾಂಬಾರು ಸೀಯುವುದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ, ಬಲ್ಲವರು ಹೇಳಬೇಕು.

ಮೊದಲು ಹೀಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಕೇಬಲಿನವರು ಪೇಟೆಯಲ್ಲಿ ದೊಡ್ಡ ಕೊಡೆ ಇಟ್ಟು, ಅಡಿಕೆ ಮರದಿಂದ ಅಡಿಕೆ ಮರಕ್ಕೆ ವಯರು ಕಟ್ಟಿ, ಸಿಕ್ಕಿದ ಚಾನೆಲ್ಲುಗಳನ್ನೆಲ್ಲ ಮನೆಗೆ ಮುಟ್ಟಿಸುತ್ತಿದ್ದರು. ಯಾವುದು ಯಾರದ್ದೆಂದು ಕೇಳಿದವರಿಲ್ಲ. ತಿಂಗಳ ದುಡ್ಡಿಗೆ ಹುಡುಗ ಬಂದಾಗ ಮಾತ್ರ, "ಮೊನ್ನೆ ಎರಡು ದಿನ ಎಂತದೂ ಬರ್ಲಿಲ್ಲ ಅಲ್ವಾ ಮಾರಾಯ" ಎಂದು ಚೌಕಾಸಿ.

2003ರಲ್ಲಿ ಝೀ ಬಳಗದ ಡಿಶ್ ಟಿವಿ ಬಂತು. 2006ರಲ್ಲಿ ಟಾಟಾ ಸ್ಕೈ; ಅದರಲ್ಲಿ ಸ್ಟಾರ್ ಪಾಲುದಾರ. ಆಮೇಲೆ ಉದಯ ಟಿವಿಯ ಒಡೆಯರಾದ ಸನ್ ಬಳಗದ ಸನ್ ಡೈರೆಕ್ಟ್. ಚಾನೆಲ್ಲೂ ಅವರದ್ದೇ, ಡಿಶ್ಶೂ ಅವರದ್ದೇ. ತಮ್ಮ ಚಾನೆಲ್ಲನ್ನು ತಮ್ಮ ಡಿಶ್ಶಿಗೆ ಮಾತ್ರ ಎಂದು ಅವರು ಪಟ್ಟು ಹಿಡಿದಿದ್ದರೆ ನಮ್ಮ ಗತಿ ಏನು? ಅತ್ತೆಗೆ ಉದಯ, ಸೊಸೆಗೆ ಝೀ ಕನ್ನಡ, ಮಗನಿಗೆ ಸ್ಟಾರಿನ ಕ್ರಿಕೆಟ್. ಮೂರು ಡಿಶ್ಶಿನ ಭಾರಕ್ಕೆ ಹಳೆಯ ಪಕ್ಕಾಸು ಬಾಗುತ್ತಿತ್ತು. ಕಾಪಾಡಿದ್ದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2004ರಲ್ಲಿ ಮಾಡಿದ ನಿಯಮ: ಕೇಳಿದ ವಿತರಕರಿಗೆಲ್ಲ, ಎದುರಾಳಿಯೇ ಆಗಿರಲಿ, ಭೇದ ಮಾಡದೆ ಚಾನೆಲ್ ಕೊಡಬೇಕು. ಅದರ ಮೇಲೂ ಜಗಳಗಳು ದೆಹಲಿಯ ನ್ಯಾಯಮಂಡಳಿಯ ಮೆಟ್ಟಿಲೇರಿದವು. ಆದರೂ ಕೊಟ್ಟರು. ದಾಯಾದಿಗಳು ಕೋರ್ಟಿನಲ್ಲಿ ವ್ಯಾಜ್ಯ ನಡೆಸುತ್ತಲೇ ಒಂದೇ ತೋಡಿನ ನೀರನ್ನು ಸರದಿ ಪ್ರಕಾರ ತೋಟಕ್ಕೆ ಬಿಡುವುದಿಲ್ಲವೇ, ಹಾಗೆ. ಇಂಗ್ಲೆಂಡಿನಲ್ಲಿ ಸ್ಕೈ ಮತ್ತು ಬಿಟಿ ಕಂಪೆನಿಗಳು ಪರಸ್ಪರರ ಚಾನೆಲ್ ಮಾರಲು ಒಪ್ಪಿಕೊಂಡದ್ದು 2017ರ ಕೊನೆಗೆ. ಈ ಒಂದು ವಿಷಯದಲ್ಲಿ ನಾವೇ ಮುಂದೆ.

ಕ್ರಿಕೆಟ್ಟಿನ ಕಥೆ ಬೇರೆ. ಅಲ್ಲಿ ದೂರದರ್ಶನವೂ ಪಾಲು ಕೇಳಿತು. 2004ರಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹೋದಾಗ ಟೆನ್ ಸ್ಪೋರ್ಟ್ಸ್ ತನ್ನ ಪ್ರಸಾರ ಹಂಚಿಕೊಳ್ಳಲು ನ್ಯಾಯಾಲಯವೇ ಹೇಳಬೇಕಾಯಿತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಇಲ್ಲಿಗೆ ಬಂದಾಗ ಪ್ರಸಾರದ ಹಕ್ಕು ನಿಂಬಸ್ ಕಂಪೆನಿಯ ನಿಯೋ ಸ್ಪೋರ್ಟ್ಸ್ ಚಾನೆಲ್ಲಿನದು. ದೆಹಲಿ ಹೈಕೋರ್ಟು ಸೊಗಸಾದ ನಡುದಾರಿ ಹುಡುಕಿತು: ದೂರದರ್ಶನಕ್ಕೂ ಕೊಡಿ, ಆದರೆ 7 ನಿಮಿಷ ತಡವಾಗಿ. ದುಡ್ಡು ಕೊಟ್ಟವರ ಮನೆಯಲ್ಲಿ ಸಿಕ್ಸರ್ ಹೋಗಿ, ಚಪ್ಪಾಳೆ ಮುಗಿದು, ಚಹಾ ಕುಡಿದಾಗಿರುತ್ತದೆ. ಆಂಟೆನಾದವರ ಮನೆಯಲ್ಲಿ ಬೌಲರ್ ಇನ್ನೂ ಫೀಲ್ಡಿಂಗ್ ಸರಿಮಾಡುತ್ತಿರುತ್ತಾನೆ. ಬಡವನಿಗೆ ನ್ಯಾಯವಷ್ಟೇ ಅಲ್ಲ, ಸಿಕ್ಸರೂ ತಡವೇ. ಅದೇ ವರ್ಷ ಕಾನೂನು ಬಂತು: ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಯೊಂದಿಗೆ ನೇರವಾಗಿಯೇ ಹಂಚಿಕೊಳ್ಳಬೇಕು. ಆದರೆ 2017ರಲ್ಲಿ ಸುಪ್ರೀಂ ಕೋರ್ಟು ಅದಕ್ಕೊಂದು ಬೇಲಿ ಹಾಕಿತು. ಹಾಗೆ ಸಿಕ್ಕ ಪ್ರಸಾರ ಆಂಟೆನಾಕ್ಕೆ ಮತ್ತು ಸರ್ಕಾರದ ಫ್ರೀ ಡಿಶ್ಶಿಗೆ ಮಾತ್ರ. ಕೇಬಲಿನವರ ದೂರದರ್ಶನಕ್ಕೆ ಇಲ್ಲ.

ಸರ್ಕಾರವೂ ಕೋರ್ಟೂ ಇಷ್ಟು ತಲೆ ಕೆಡಿಸಿಕೊಂಡ ಹಂಚಿಕೆಯನ್ನು ಆಟಿ ತಿಂಗಳ ಮಳೆ ಒಂದು ಗಳಿಗೆಯಲ್ಲಿ ಮುಗಿಸುತ್ತದೆ. ಚಾರ್ಮಾಡಿ ಕಡೆಯಿಂದ ಮೋಡ ಇಳಿಯಿತೆಂದರೆ ಅಣ್ಣನ ಡಿಶ್ಶಿಗೂ ತಮ್ಮನ ಡಿಶ್ಶಿಗೂ ಸಿಗ್ನಲ್ ಇಲ್ಲ. ಆಗ ಇಬ್ಬರೂ ಕೊಡೆ ಹಿಡಿದು ಕೇಬಲ್ ಉಳಿಸಿಕೊಂಡ ಶೆಟ್ರ ಜಗಲಿಗೆ ಬರುತ್ತಾರೆ. "ಬನ್ನಿ ಬನ್ನಿ, ಕೂತ್ಕೊಳ್ಳಿ" ಎನ್ನುವಾಗ ಶೆಟ್ರ ಮುಖದಲ್ಲಿ ಸಣ್ಣ ಜಂಬ. ಅಷ್ಟರಲ್ಲಿ ಕರೆಂಟು ಹೋಗುತ್ತದೆ.

2019ರ ಫೆಬ್ರುವರಿಯಿಂದ ಚಾನೆಲ್ ಒಂದೊಂದಕ್ಕೂ ದರಪಟ್ಟಿ ಬಂತು. ಆಗ 100 ಚಾನೆಲ್ಲಿಗೆ 130 ರೂಪಾಯಿ, ಅದರ ಮೇಲೆ ತೆರಿಗೆ, ಕಾಸಿನ ಚಾನೆಲ್ಲಿಗೆ ಬೇರೆ ಕಾಸು. ಬೇಕಾದ್ದನ್ನೇ ಆರಿಸಿಕೊಳ್ಳಿ ಎಂದರು. ಮನೆಮಂದಿ ಕೂತು ಆರಿಸಿದ ಮೇಲೆ ಬಿಲ್ಲು ಮೊದಲಿಗಿಂತ ದೊಡ್ಡದಾದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಇನ್ನು ಐಪಿಎಲ್‌ಗಾಗಿ ಸಾವಿರಾರು ಕೋಟಿ ಸುರಿದು ಹೊಡೆದಾಡಿದ ಸ್ಟಾರ್ ಮತ್ತು ವಯಾಕಾಮ್18, 2024ರ ನವೆಂಬರಿನಲ್ಲಿ ಒಂದೇ ಸಂಸಾರ ಹೂಡಿದವು. ಹಂಚಿಕೊಳ್ಳುವ ತಾಪತ್ರಯವೇ ಇಲ್ಲ.

ಇದೆಲ್ಲದರ ನಡುವೆ ಹೊಕ್ಕಾಡಿಗೋಳಿ, ವೇಣೂರು ಪೆರ್ಮುಡ, ಮೂಡಬಿದಿರೆಯ ಕಡಲಕೆರೆ ಕಂಬಳಗಳು ರಾತ್ರಿಯಿಡೀ ಸ್ಥಳೀಯ ಚಾನೆಲ್ಲುಗಳಲ್ಲೂ ಮೊಬೈಲಿನಲ್ಲೂ ಬರುತ್ತವೆ. ಕೋಣಗಳ ಯಜಮಾನರ ನಡುವಿನ ಪೈಪೋಟಿ ಯಾವ ಕಂಪೆನಿಗೂ ಕಡಿಮೆಯದಲ್ಲ. ನೋಡುವುದಕ್ಕೆ ಮಾತ್ರ ರೀಚಾರ್ಜಿನ ಮೇಲೆ ರೀಚಾರ್ಜು ಬೇಡ.

7 ನಿಮಿಷ ಹೋಯಿತು, ಅಂತರವೂ ಹೋಯಿತು ಎಂದುಕೊಳ್ಳಬೇಡಿ. ಡಿಶ್ಶಿಗಿಂತ ಮೊಬೈಲ್ ಆ್ಯಪ್ ಇಂದಿಗೂ ಹಿಂದೆ. ಆದ್ದರಿಂದ ಡಿಶ್ಶಿನವರಲ್ಲಿ ಒಂದೇ ಕೋರಿಕೆ: ಕೊನೆಯ ಓವರಿನಲ್ಲಿ ವಿಕೆಟ್ ಬಿದ್ದರೆ ಕಿಟಕಿ ಮುಚ್ಚಿ ಬೊಬ್ಬೆ ಹೊಡೆಯಿರಿ. ಆಚೆಮನೆಯವರು ಇನ್ನೂ ಹಿಂದಿನ ಚೆಂಡು ನೋಡುತ್ತಿರುತ್ತಾರೆ.