ಬಾಲ ಕತ್ತರಿಸಿದರೆ ಜಾತಿ ಬದಲಾಗ್ತದಾ?

ನಿಜ ಹೇಳಿ ಮಾರಾಯ್ರೆ. ಅರ್ಜಿ ತುಂಬಿಸ್ತಾ ಇದ್ದೀರಿ, 'ಜೆಪಿಜಿ ಮಾತ್ರ' ಅಂತ ಕೆಂಪಕ್ಷರ ಬಂತು. ನೀವು ಮೊದಲು ಮಾಡುವ ಕೆಲಸ ಎಂತ? ಫೈಲ್ ಮೇಲೆ ರೈಟ್ ಕ್ಲಿಕ್, ರಿನೇಮ್, ಕೊನೆಯ ಪಿಎನ್‌ಜಿ ಅಳಿಸಿ ಜೆಪಿಜಿ ಅಂತ ಟೈಪ್. (ಅಯ್ಯೋ ನಾನಲ್ಲ ಅನ್ನಬೇಡಿ. ವಿಂಡೋಸ್ ಪಾಪ, 'ಫೈಲ್ ಕೆಟ್ಟೀತು' ಅಂತ ಕೇಳಿದ್ರೂ 'ಯೆಸ್' ಒತ್ತಿದ್ದು ಯಾರು ಮತ್ತೆ?)

ಆಮೇಲೆ ಡಬಲ್ ಕ್ಲಿಕ್ ಮಾಡಿ ನೋಡ್ತೀರಿ, ಫೋಟೊ ಚಂದ ತೆರೆದುಕೊಳ್ತದೆ. ಗೆದ್ದೆ ಅಂದ್ಕೊಳ್ತೀರಿ. ಅಲ್ಲೇ ಇರೋದು ಮೋಸ. ಪಿಎನ್‌ಜಿ ಫೈಲಿನ ಮೊದಲ ಎಂಟು ಬೈಟ್‌ನೊಳಗೇ ಪಿ, ಎನ್, ಜಿ ಅಂತ ಮೂರಕ್ಷರ ಕೂತಿರ್ತದೆ. ಫೋಟೊ ತೋರಿಸುವ ಸಾಫ್ಟ್‌ವೇರ್ ನೀವು ಬದಲಿಸಿದ ಹೆಸರಿನ ಬೋರ್ಡನ್ನು ನಂಬದೆ ಒಳಗೆ ಇಣುಕಿ ನೋಡಿ, ಸುಮ್ಮನೆ ತೋರಿಸಿಬಿಡ್ತದೆ. ಅರ್ಜಿಯ ಪೋರ್ಟಲ್‌ಗೆ ಅಷ್ಟು ದಾಕ್ಷಿಣ್ಯ ಇಲ್ಲ, ಇಣುಕಿ ನೋಡಿ ವಾಪಸ್ ಎಸೀತದೆ.

ಅಂದ ಹಾಗೆ, ಈ ಜೆಪಿಜಿ ಅಂದ್ರೆ ಪೂರಾ ವಿದೇಶಿ ಮಾಲು ಅಂದ್ಕೊಂಡಿದ್ದೀರಾ? ಅದರ ಹೊಟ್ಟೆಯೊಳಗಿನ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅಂತ ಹೆಸರು. ಅದನ್ನು ಯೋಚಿಸಿದವರು ನಾಸಿರ್ ಅಹ್ಮದ್, ಹುಟ್ಟಿದ್ದು ಬೆಂಗಳೂರಲ್ಲಿ, ಇಂಜಿನಿಯರಿಂಗ್ ಓದಿದ್ದು ನಮ್ಮ ಯುವಿಸಿಇಯಲ್ಲಿ. 1972ರಲ್ಲಿ ಈ ಕೆಲಸಕ್ಕೆ ದುಡ್ಡು ಕೇಳಿದ್ರೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಕೊಡಲಿಲ್ಲ. ಅವರೇನು ಬಿಟ್ರಾ? ನಟರಾಜನ್, ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಪ್ರಬಂಧ ಪ್ರಕಟಿಸಿಯೇಬಿಟ್ರು. 1992ರಲ್ಲಿ ಬಂದ ಜೆಪಿಇಜಿ (ಅದೇ ನಮ್ಮ ಜೆಪಿಜಿ) ನಿಂತಿರೋದು ಅದರ ಮೇಲೆ.

ಜೆಪಿಜಿ ಮಾಡೋದೆಂತ ಗೊತ್ತುಂಟಾ? ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ನ ಚೌಕ ಮಾಡ್ತದೆ. ಪ್ರತಿ ಚೌಕದಲ್ಲೂ ನಿಧಾನಕ್ಕೆ ಬದಲಾಗುವ ಬೆಳಕು-ನೆರಳನ್ನು ಜೋಪಾನ ಮಾಡಿ, ಕಣ್ಣಿಗೆ ಬೀಳದ ಸಣ್ಣಪುಟ್ಟ ಏರಿಳಿತವನ್ನು ಒರಟಾಗಿ ಲೆಕ್ಕ ಹಾಕಿ ಬಿಸಾಡ್ತದೆ. ನಿಮ್ಮ 12 ಮೆಗಾಪಿಕ್ಸೆಲ್ ಫೋಟೊ ಹಾಗೇ ಇಟ್ರೆ 36 ಎಂಬಿ. ಫೋನಿನಲ್ಲಿ ಮೂರ್ನಾಲ್ಕು ಎಂಬಿಗೆ ಇಳಿಯೋದು ಹೀಗೆ. (ನಿಮ್ಮ ಗ್ಯಾಲರಿಯಲ್ಲಿರುವ ಸಾವಿರಾರು 'ಗುಡ್ ಮಾರ್ನಿಂಗ್' ಉಳಿದಿರೋದೂ ಈ ಕೃಪೆಯಿಂದಲೇ.)

ಮುಖ, ಮೋಡ, ಅಡಿಕೆ ತೋಟ ಎಲ್ಲದಕ್ಕೂ ಇದು ಸರಿ. ಆದ್ರೆ ನೀವು ಅಷ್ಟಕ್ಕೆ ಬಿಡ್ತೀರಾ? ನವೆಂಬರ್ ಬಂತೂಂದ್ರೆ ಹಳದಿ ಮೇಲೆ ಕೆಂಪಕ್ಷರದ ರಾಜ್ಯೋತ್ಸವದ ಪೋಸ್ಟರ್ ಮಾಡಿ ಅದನ್ನೂ ಜೆಪಿಜಿಯಲ್ಲೇ ಸೇವ್ ಮಾಡ್ತೀರಿ. ಈಗ ಆ ಪೋಸ್ಟರನ್ನು ದೊಡ್ಡದು ಮಾಡಿ 'ರಾಷ್ಟ್ರ'ದ ಒತ್ತಕ್ಷರ ನೋಡಿ. ಕೆಳಗೆ ನೇತಾಡುವ ಟಕಾರದ, ರಕಾರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕಿ ಚುಕ್ಕಿ. ಚೂಪಾದ ಅಂಚು ಜೆಪಿಜಿಗೆ ಆಗಿಬರೋದಿಲ್ಲ. ಸಾಲದ್ದಕ್ಕೆ ಅದು ಬೆಳಕಿನ ವಿವರ ಪೂರ್ತಿ ಇಟ್ಕೊಂಡು, ಬಣ್ಣದ ವಿವರವನ್ನು ಸಾಮಾನ್ಯವಾಗಿ ಅಗಲದಲ್ಲೂ ಎತ್ತರದಲ್ಲೂ ಅರ್ಧ ಮಾಡ್ತದೆ. ಹಾಗಾಗಿ ಕೆಂಪು ಹಳದಿಗೆ, ಹಳದಿ ಕೆಂಪಿಗೆ ಇಳಿದು ಕೆಸರಾಗ್ತದೆ. ಅಕ್ಷರ, ಲೋಗೊ, ಸ್ಕ್ರೀನ್‌ಶಾಟ್ ಇದ್ರೆ ಪಿಎನ್‌ಜಿ ಮಾಡಿ ಮಾರಾಯ್ರೆ. ಅದು ಒಂದು ಪಿಕ್ಸೆಲ್ಲನ್ನೂ ಬಿಡೋದಿಲ್ಲ, ಹಿನ್ನೆಲೆ ಪಾರದರ್ಶಕ ಇಟ್ರೆ ಲೋಗೊ ಹಿಂದೆ ಬಿಳೀ ಡಬ್ಬವೂ ಬರೋದಿಲ್ಲ.

ಹೀಗೆ ಹೇಳಿದ್ದೇ ತಡ, ನೀವು ಹಳೇ ಜೆಪಿಜಿ ಫೋಟೊ ಎಲ್ಲಾ ಪಿಎನ್‌ಜಿ ಮಾಡಲಿಕ್ಕೆ ಹೊರಟ್ರಿ ಅಲ್ವಾ? ಕ್ವಾಲಿಟಿ ಜಾಸ್ತಿ ಆಗ್ತದೆ ಅಂತ? ಆಗೋದು ಫೈಲ್ ತೂಕ ಮಾತ್ರ. ಒಮ್ಮೆ ಬಿಸಾಡಿದ್ದು ಯಾವ ಫಾರ್ಮ್ಯಾಟಿಗೆ ಹೋದ್ರೂ ಹುಟ್ಟಿ ಬರೋದಿಲ್ಲ.

ಇನ್ನು ವೆಬ್‌ಪಿ. ಗೂಗಲ್ 2010ರಲ್ಲಿ ತಂದದ್ದು. ನೆಟ್‌ನಿಂದ ಚಿತ್ರ ಇಳಿಸಿದಾಗ ಇದು ಬಂತೂಂದ್ರೆ ನಿಮಗೆ ಪಿತ್ತ ನೆತ್ತಿಗೇರ್ತದೆ, ನಂಗೊತ್ತು. ಆದ್ರೆ ನಿಮ್ಮದೇ ವೆಬ್‌ಸೈಟ್ ಇದ್ರೆ ಅದನ್ನೇ ಹಾಕಿ. ಅದೇ ಚಿತ್ರ ಜೆಪಿಜಿಗಿಂತ ಸುಮಾರು ಕಾಲು ಭಾಗ ಹಗುರಾಗ್ತದೆ ಅಂತ ಗೂಗಲ್ ಲೆಕ್ಕ, ಸಫಾರಿಯೂ 2020ರಿಂದ ಒಪ್ಪಿಕೊಂಡಿದೆ. ಐಫೋನಿನ ಎಚ್‌ಇಐಸಿ (2017ರಿಂದ ಇದರದ್ದೇ ಕಾಟ) ಮಾತ್ರ ವೆಬ್‌ಸೈಟಿಗೆ ಹಾಗೇ ಏರಿಸಬೇಡಿ. ಸಾಕಷ್ಟು ಬ್ರೌಸರುಗಳು ಮುಖ ತಿರುಗಿಸ್ತವೆ.

ಆದ್ರೆ ಫಾರ್ಮ್ಯಾಟ್ ಫಾರ್ಮ್ಯಾಟ್ ಅಂತ ತಲೆ ಕೆಡಿಸಿಕೊಳ್ಳುವ ನೀವು, ಅಳತೆ ಕಡೆ ನೋಡಿದ್ದೀರಾ? ಪುಟದಲ್ಲಿ ಜಾಗ ಇರೋದು 800 ಪಿಕ್ಸೆಲ್ ಅಗಲ, ನೀವು ತುರುಕೋದು 4000ದ್ದು. ಐದರಲ್ಲೊಂದು ಪಾಲಿಗೆ ಇಳಿಸಿದ್ರೆ ಪಿಕ್ಸೆಲ್ ಇಪ್ಪತ್ತೈದರಲ್ಲಿ ಒಂದಾಗ್ತದೆ. ಯಾವ ವೆಬ್‌ಪಿ ಕೈಲೂ ಇಷ್ಟು ಉಳಿತಾಯ ಆಗೋದಿಲ್ಲ. ಬ್ಯಾಂಕ್ ಪರೀಕ್ಷೆಯ ಅರ್ಜಿಗೆ 20ರಿಂದ 50 ಕೆಬಿ ಫೋಟೊ ಬೇಕಂತ ಸೈಬರ್ ಸೆಂಟರಿಗೆ ಓಡ್ತೀರಲ್ಲ, ಅಲ್ಲಿಯ ಹುಡುಗ ಮಾಡೋದೂ ಅದನ್ನೇ. ಮೊದಲು 200 ಬೈ 230 ಪಿಕ್ಸೆಲ್‌ಗೆ ಕುಗ್ಗಿಸ್ತಾನೆ, ಆಮೇಲೆ ಕ್ವಾಲಿಟಿಯ ಪಟ್ಟಿ ಎಳೀತಾನೆ.

ಓಡಲಿಕ್ಕೆ ಬೇಜಾರಾದ್ರೆ 'ಫ್ರೀ ಕನ್ವರ್ಟರ್' ಹುಡುಕ್ತೀರಿ. ಮೊದಲು ಸಿಕ್ಕ ಸೈಟಿಗೆ ಆಧಾರ್ ಕಾರ್ಡನ್ನೇ ಏರಿಸ್ತೀರಿ! (ಪಕ್ಕದ ಮನೆಯವರಿಗೆ ಮಗನ ಮಾರ್ಕ್ಸ್ ಕಾರ್ಡ್ ತೋರಿಸಲ್ಲ ಅನ್ನುವವರು ನೀವೇ.) ಫೋಟೊ ಒಳಗೆ ಎಲ್ಲಿ ತೆಗೆದದ್ದು ಅನ್ನುವ ಜಿಪಿಎಸ್ ಗುರುತೂ ಇರಬಹುದು. ವಿಂಡೋಸ್‌ನ ಪೇಂಟ್‌ನಲ್ಲೇ 'ಸೇವ್ ಆ್ಯಸ್' ಉಂಟು. ಅದು ಸಾಲದು ಅನ್ನಿಸಿದ್ರೆ ಗೂಗಲ್‌ನವರ ಸ್ಕ್ವೂಶ್ ಉಂಟು, ಅದು ನಿಮ್ಮ ಬ್ರೌಸರಿನೊಳಗೇ ಕೆಲಸ ಮುಗಿಸ್ತದೆ, ಚಿತ್ರ ಆಚೆ ಹೋಗೋದಿಲ್ಲ.

ಏನೇ ಮಾಡಿ, ಒರಿಜಿನಲ್ ಒಂದನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು, ಕಾಪಿ ಮೇಲೆ ಆಟ ಆಡಿ. ಎಂತ, ಆಗಲೇ ಡಿಲೀಟ್ ಮಾಡಿ ಆಯ್ತಾ? ರಿಸೈಕಲ್ ಬಿನ್ ನೋಡಿ, ಬೇಗ.