ಬಟನ್ ತಾತ

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಯಾವ ಭಾನುವಾರ ಹೋದರೂ ಬಟನ್ ತಾತ ಸಿಗುತ್ತಾರೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನು, ನಿವೃತ್ತಿಯಾಗಿ ಹತ್ತು ವರ್ಷವಾದರೂ ಮುಖದಲ್ಲಿ ಇನ್ನೂ ‘ನಾಳೆ ಬನ್ನಿ’ ಎನ್ನುವ ಕಳೆ. ಕೈಹಿಡಿದುಕೊಂಡು ಒಬ್ಬ ಮೊಮ್ಮಗಳು, ನಾಲ್ಕು ಹೆಜ್ಜೆ ಹಿಂದೆ ನೀರಿನ ಬಾಟಲಿ ಹೊತ್ತ ಅಜ್ಜಿ. ‘ಮಗೂಗೆ ತೋರ್ಸೋಣಾಂತ ಬಂದೆ’ ಎನ್ನುತ್ತಾರೆ, ಯಾರೂ ಕೇಳದಿದ್ದರೂ. ಟಿಕೆಟ್ ಕೌಂಟರಿನಲ್ಲಿ ಹಿರಿಯ ನಾಗರಿಕರಿಗೆ ರಿಯಾಯಿತಿ ಉಂಟೇ ಎಂದು ವಿಚಾರಿಸುತ್ತಾರೆ. ಆಮೇಲೆ ಕ್ಯಾಂಟೀನಿನಲ್ಲೂ ವಿಚಾರಿಸುತ್ತಾರೆ.

ಇವರ ತಲೆಮಾರಿನ ಕಷ್ಟ ನಮಗೆ ಗೊತ್ತಿಲ್ಲ. ಮನೆಯಲ್ಲಿ ರೇಡಿಯೊ ಮುಟ್ಟಬೇಡ, ಅಪ್ಪ ಬೈತಾರೆ. ಶಾಲೆಯಲ್ಲಿ ಲ್ಯಾಬಿನ ಬೀರು ಮುಟ್ಟಬೇಡ, ಬೀಗದಕೈ ಹೆಡ್‌ಮಾಸ್ಟರ ಹತ್ತಿರ ಇದೆ. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಟ್ಟಿದ್ದರು. ಆಯುಧಪೂಜೆಯ ದಿನ ಮಾತ್ರ ದರ್ಶನ. ಹೀಗೆ ಎಪ್ಪತ್ತು ವರ್ಷ ಕೈ ಕಟ್ಟಿಕೊಂಡು ನಿಂತವರ ಮುಂದೆ ‘ಬಟನ್ ಒತ್ತಿ’ ಎಂದು ಬೋರ್ಡು ಬರೆದಿಟ್ಟರೆ ಏನಾಗಬೇಕೋ ಅದೇ ಆಗುತ್ತದೆ.

ಒತ್ತುತ್ತಾರೆ. ಅರ್ಧ ಸೆಕೆಂಡಿನಲ್ಲಿ ಏನೂ ಅಲ್ಲಾಡದಿದ್ದರೆ ಮತ್ತೆ ಒತ್ತುತ್ತಾರೆ. ಹಿಂದೆ ಸಾಲುಗಟ್ಟಿದ ಮಕ್ಕಳಿಗೆ ‘ಇರ್ರಪ್ಪಾ, ಕೆಲ್ಸ ನಡೀತಿದೆ’ ಎಂಬ ಆಶ್ವಾಸನೆ. ಮೊಮ್ಮಗಳು ಕೈ ಚಾಚಿದರೆ, ‘ನೀನು ನೋಡು ಪುಟ್ಟಿ, ನಾನು ಒತ್ತಿ ತೋರಿಸ್ತೀನಿ.’ ಯಾವ ಊರಿನ ವಿಜ್ಞಾನ ಕೇಂದ್ರದಲ್ಲಾದರೂ ಸರಿ, ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಕಂಡರಂತೂ ಕಣ್ಣು ಅರಳುತ್ತದೆ. ಆ ಚೀಟಿಗೆ ತಾರೀಕಿಲ್ಲ, ಸಹಿಯಿಲ್ಲ. ಜೇಬಿನ ಪೆನ್ನಿನ ಮೇಲೆ ಕೈ ತಾನಾಗಿಯೇ ಹೋಗುತ್ತದೆ.

ರೈಟ್ ಸಹೋದರರ ವಿಮಾನದ ನಿಜಗಾತ್ರದ ಮಾದರಿಯ ಮುಂದೆ ಮಾತ್ರ ಒತ್ತುವುದಕ್ಕಿಂತ ಮಾತು ಹೆಚ್ಚು. 1903ರ ಡಿಸೆಂಬರ್ 17ರಂದು ಆರ್ವಿಲ್ ಮೊದಲ ಸಲ ಹಾರಿದ್ದು 12 ಸೆಕೆಂಡು, ಸುಮಾರು 36 ಮೀಟರು ಎಂದು ಮೊಮ್ಮಗಳು ಹೇಳಿದಾಗ ತಾತ ತಲೆಯೆತ್ತಿ ರೆಕ್ಕೆಗಳನ್ನು ಅಳೆದು ನೋಡುತ್ತಾರೆ. ‘ಅಷ್ಟು ದೂರಕ್ಕೆ ಟಿಎ ಸ್ಯಾಂಕ್ಷನ್ ಆಗಲ್ಲ.’

ಬೇರೆ ಬೇರೆ ಗ್ರಹಗಳಲ್ಲಿ ನಮ್ಮ ತೂಕ ಎಷ್ಟು ತೋರುತ್ತದೆಂದು ಹೇಳುವ ಯಂತ್ರ ಎಲ್ಲಿದ್ದರೂ ಅವರು ಹತ್ತದೆ ಬಿಡುವುದಿಲ್ಲ. ಇಲ್ಲಿ 72 ಕೆಜಿ. ಚಂದ್ರನ ಸೆಳೆತ ಭೂಮಿಯದರ ಆರನೇ ಒಂದು ಭಾಗ, ಆದ್ದರಿಂದ ಅಲ್ಲಿ 12. ‘ನೋಡಿದ್ಯಾ, ಡಾಕ್ಟರು ಸುಮ್ಸುಮ್ನೆ ವಾಕಿಂಗ್ ಮಾಡಿ ಅಂತಾರೆ’ ಎಂದು ಅಜ್ಜಿಯ ಕಡೆ ತಿರುಗುತ್ತಾರೆ. ಗುರುಗ್ರಹದ ಬಟನ್ ಒತ್ತಿದರೆ ಮುಳ್ಳು 170 ದಾಟುತ್ತದೆ. ಅಜ್ಜಿಯ ಟೀಕೆ ಚಿಕ್ಕದು: ‘ಗುರುಬಲ.’

ಎದುರುಬದುರು ಗೋಡೆಗಳಲ್ಲಿ ಬಾಣಲೆಯಂಥ ಎರಡು ದೊಡ್ಡ ತಟ್ಟೆಗಳಿರುತ್ತವಲ್ಲ, ಒಂದರ ನಾಭಿಯಲ್ಲಿ ಪಿಸುಗುಟ್ಟಿದ್ದು ಗದ್ದಲ ದಾಟಿ ಇನ್ನೊಂದರ ನಾಭಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ. ಧ್ವನಿ ತಟ್ಟೆಗೆ ಬಡಿದು ನೇರ ಕಿರಣವಾಗಿ ಹೊರಟು, ಆಚೆಯ ತಟ್ಟೆಯಿಂದ ಮತ್ತೆ ಒಂದೇ ಬಿಂದುವಿಗೆ ಬಂದು ಸೇರುವುದು ಅದರ ಗುಟ್ಟು. ತಾತ ಇತ್ತಕಡೆಯಿಂದ ಉಸುರುತ್ತಾರೆ: ‘ಪುಟ್ಟೀ, ಕ್ಯಾಂಟೀನಲ್ಲಿ ಜಾಮೂನು ತಿಂದಿದ್ದು ಅಜ್ಜಿಗೆ ಹೇಳ್ಬೇಡ.’ ಪುಟ್ಟಿ ಆಗಲೇ ಡೈನೋಸಾರ್ ನೋಡಲು ಓಡಿರುತ್ತಾಳೆ. ಅತ್ತಕಡೆಯ ನಾಭಿಯಿಂದ ಉತ್ತರ ಬರುತ್ತದೆ: ‘ಎಷ್ಟು ತಿಂದ್ರಿ?’ ಭೌತಶಾಸ್ತ್ರದ ಈ ನಿಯಮವನ್ನು ಅವರು ಮುಂದೆಂದೂ ಮರೆಯಲಾರರು.

ಸಂಜೆ ಚೌಡಯ್ಯ ರಸ್ತೆಯ ತಾರಾಲಯ. 1989ರಲ್ಲಿ ಶುರುವಾದದ್ದು, ತಾತನ ಲೆಕ್ಕದಲ್ಲಿ ಹೊಸ ಕಟ್ಟಡ. ಒರಗುವ ಕುರ್ಚಿಯಲ್ಲಿ ಕೂತು ಸುತ್ತ ಬಟನ್ ತಡಕಾಡುತ್ತಾರೆ, ಇಲ್ಲ. ದೀಪ ಆರಿ ಗುಮ್ಮಟದ ತುಂಬ ನಕ್ಷತ್ರಗಳು ಬಂದಾಗ, ವೃಷಭದ ಕಣ್ಣಿನ ಜಾಗದಲ್ಲಿ ಕೆಂಪಗಿರುವುದೇ ರೋಹಿಣಿ ಎನ್ನುತ್ತದೆ ವಿವರಣೆಯ ದನಿ. ತಾತ ಎದ್ದು ಕೂರುತ್ತಾರೆ. ಅವರದು ರೋಹಿಣಿ ನಕ್ಷತ್ರ. ದೇವಸ್ಥಾನದ ಅರ್ಚಕರಿಗೆ ಆಯುಷ್ಯವಿಡೀ ಆ ಹೆಸರು ಹೇಳಿದ್ದಾರೆ, ಆದರೆ ಅದನ್ನು ನೋಡಬಹುದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 65 ವರ್ಷ ಬೇಕಂತೆ. ‘ಅಂದ್ರೆ ನಾನು ಒಂದನೇ ಕ್ಲಾಸಲ್ಲಿದ್ದಾಗ ಅಲ್ಲಿಂದ ಹೊರಟಿದ್ದು’ ಎಂದು ಲೆಕ್ಕ ಹಾಕುತ್ತಾರೆ, ಮೂರು ಸಾಲು ಆಚೆಗೂ ಕೇಳುವ ಹಾಗೆ. ‘ಪರವಾಗಿಲ್ಲ, ನಮ್ಮ ಸೆಕ್ಷನ್ನಿನ ಟಪಾಲಿಗಿಂತ ಬೇಗ.’

ಜಗಳ ಶುರುವಾಗುವುದು ಗ್ರಹಗಳ ಪಾಳಿ ಬಂದಾಗ. ನೆಪ್ಚೂನ್‌ಗೆ ಪಟ್ಟಿ ಮುಗಿಯುತ್ತದೆ.

‘ಎಂಟೇ? ಪ್ಲೂಟೊ ಎಲ್ಲಿ?’

‘ತೆಗೆದ್ಬಿಟ್ರು ತಾತ, 2006ರಲ್ಲಿ. ಈಗ ಅದು ಕುಬ್ಜಗ್ರಹ.’

‘ಯಾವಾಗ ಅಪಾಯಿಂಟ್ ಆಗಿದ್ದು?’

‘1930ರಲ್ಲಿ ಕಂಡುಹಿಡಿದ್ರು.’

‘ಎಪ್ಪತ್ತಾರು ವರ್ಷ ಸರ್ವೀಸು! ಒಂದು ಷೋಕಾಸ್ ನೋಟಿಸಾದ್ರೂ ಕೊಟ್ರಾ?’

‘ತಾತ, ಅದು ಸೂರ್ಯನ ಸುತ್ತ ಒಂದ್ಸಲ ಬರಕ್ಕೆ ನಮ್ಮ 248 ವರ್ಷ ಬೇಕು. ಅದರ ಲೆಕ್ಕದಲ್ಲಿ ಒಂದು ವರ್ಷಾನೂ ಆಗಿರ್ಲಿಲ್ಲ.’

ಕತ್ತಲಲ್ಲಿ ತಾತ ಸ್ವಲ್ಪ ಹೊತ್ತು ಯೋಚಿಸುತ್ತಾರೆ.

‘ಓ, ಪ್ರೊಬೇಷನ್ನಲ್ಲೇ ತೆಗೆದಿದ್ದಾರೆ. ಹಾಗಾದ್ರೆ ಅಪೀಲಿಲ್ಲ’ ಎಂದು ಮತ್ತೆ ಕುರ್ಚಿಗೆ ಒರಗುತ್ತಾರೆ.